ಡಬ್ಬಿ ಹಾಡಿದ ಮಂಗಳ

ಹಾಡು ಕೇಳುವ ವಿಷಯದಲ್ಲಿ ನಮ್ಮೂರಿನಷ್ಟು ಪೇಚಾಟಕ್ಕೆ ಸಿಕ್ಕಿದ ಊರು ಇನ್ನೊಂದಿರಲಾರದು. ಒಂದನ್ನು ನೆನೆದು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ನಡೆದಿರುತ್ತದೆ. ಈ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಆಂಜನೇಯಸ್ವಾಮಿ ಗುಡಿಯ ಪೂಜಾರಪ್ಪನವರು. ಇಲ್ಲಿರುವ ಮೊದಲನೆಯ ಪ್ರಸಂಗವೂ ಅವರ ಬಾಯಿಂದಲೇ ಕೇಳಿದ್ದು. ಮಿಕ್ಕವು ನನ್ನ ಕಣ್ಣೆದುರಿಗೇ ಆದವು. ಕೆಲವು ನನ್ನ ತಲೆಯ ಮೇಲೇ ಆದವು.

ಮುಂದೆ ಹೋಗುವ ಮೊದಲು ಒಂದು ಸಂಗತಿ ಹೇಳಿಬಿಡಬೇಕು. ನಮ್ಮೂರು ಗೌರಿಬಿದನೂರಿಗೆ ಹತ್ತಿರ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಗುಡಿಯ ಮುಂದೆ ಜಮಖಾನ ಹಾಸಿ ಭಜನೆಗೆ ಕೂರುವುದು ನಮ್ಮ ತಾತನ ಕಾಲದಿಂದ ನಡೆದುಕೊಂಡು ಬಂದದ್ದು. ತಾಳದ ಚೀಲ ನಮ್ಮ ಮನೆಯ ಗೂಟಕ್ಕೇ ನೇತುಹಾಕಿರುತ್ತದೆ. ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟ್ರು ಚಿಂತಾಮಣಿಗೆ, ಮಗಳ ಮನೆಗೆ ಹೋದಮೇಲೆ ಜಮಖಾನ ಅಂಚಿನಿಂದ ಖಾಲಿಯಾಗುತ್ತಾ ಬಂತು. ಹೋದ ಶ್ರಾವಣದ ಹೊತ್ತಿಗೆ ಉಳಿದವರು ಇಬ್ಬರೇ. ತಾಳ ಹಿಡಿದ ನಾನು, ಮತ್ತು ನಮ್ಮ ಬೀದಿಯ ದೊಡ್ಡಮ್ಮ.

ಈ ದೊಡ್ಡಮ್ಮ ಊರಿಗೆಲ್ಲಾ ದೊಡ್ಡಮ್ಮ. ಕಂಠ ಕಂಚಿನ ಗಂಟೆ. ಆದರೆ ಯಾವ ಹಾಡೇ ಆಗಲಿ, ಎಲ್ಲರಿಗಿಂತ ಒಂದು ಸಾಲು ಹಿಂದೆ ಬರುತ್ತಾರೆ. ನಾವು ಮುಗಿಸಿ, ಕೆಮ್ಮಿ, ಮುಖ ಒರೆಸಿಕೊಳ್ಳುವ ಹೊತ್ತಿಗೆ ಅವರ ಕೊನೆಯ ಸಾಲು ನಿಧಾನವಾಗಿ ಬಂದು ಸೇರುತ್ತದೆ. "ದೊಡ್ಡಮ್ಮಾ, ಸ್ವಲ್ಪ ಬಿರ್ರನೆ" ಅಂದರೆ, "ಯಾಕಪ್ಪಾ, ಸ್ವಾಮಿ ಏನು ಬಸ್ ಹಿಡೀಬೇಕಾ?" ಅನ್ನುತ್ತಾರೆ.

ಶ್ರಾವಣದ ಮೊದಲ ಶನಿವಾರ ಗುಡಿ ಕಮಿಟಿಯ ಅಧ್ಯಕ್ಷರು ನಮ್ಮಿಬ್ಬರನ್ನೂ ನೋಡಿ, "ಅಣ್ಣಾ, ತಪ್ಪು ತಿಳೀಬೇಡಿ. ಇಬ್ಬರು ಕೂತು ಹಾಡಿದ್ರೆ ಅದನ್ನ ಭಜನೆ ಅನ್ನಲ್ಲ. ದೂರದಿಂದ ಕೇಳೋರು ಜಗಳ ಅಂತಾರೆ" ಅಂದರು. ಆಮೇಲೆ ತೀರ್ಮಾನ ಹೇಳಿದರು. ಶ್ರಾವಣದ ಕೊನೆಯ ಶನಿವಾರ ಜಮಖಾನ ತುಂಬಿದರೆ ಭಜನೆ ಮುಂದುವರಿಯುತ್ತದೆ. ತುಂಬದಿದ್ದರೆ ತಾಳದ ಚೀಲ ಅಟ್ಟಕ್ಕೆ, ಭಜನೆ ಡಬ್ಬಿಗೆ.

ಡಬ್ಬಿ ಅಂದರೆ, ನಮ್ಮೂರ ಅಳಿಯ ತಂದಿಟ್ಟ ಕಪ್ಪು ಸ್ಪೀಕರ್ ಪೆಟ್ಟಿಗೆ. ಅಳಿಯ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹೆಣ್ಣು ಕೊಟ್ಟ ಮನೆಯಲ್ಲೇ ನೆಲೆಸಿದ್ದರಿಂದ ಊರಿಗೆ ಊರೇ ಅವನನ್ನು ಅಳಿಯ ಅನ್ನುತ್ತದೆ, ಅವನು ಊರಿಗೆ ಊರನ್ನೇ ಮಾವ ಅನ್ನುತ್ತಾನೆ. ಒಳ್ಳೆಯವನು. ಡಬ್ಬಿ ತಂದದ್ದೊಂದೇ ಅವನ ಮೇಲೆ ನನಗಿದ್ದ ದೂರು.

ಹೀಗೆ ನಾನು ಜಮಖಾನ ತುಂಬಿಸಲು ಹೊರಟೆ.

೧. ಎಮ್ಮೆ ಕೂಗುವ ಹೊತ್ತು

ಗುಡಿಗೆ ಡಬ್ಬಿ ಬಂದ ಮೊದಲ ದಿನಗಳ ಸಂಗತಿ ಇದು. ಪೂಜಾರಪ್ಪನವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಅದಕ್ಕೆ ಮೊದಲು ಗುಡಿಯಲ್ಲಿ ಬೆಳಗಿನ ಸುಪ್ರಭಾತಕ್ಕೆ ಒಂದೇ ಒಂದು ಹಳೆಯ ಕ್ಯಾಸೆಟ್ ಇತ್ತು. ಯಾವ ಕಾಲದಲ್ಲೋ ಅದರ ಟೇಪು ಮೆಷಿನ್ನಿಗೆ ಸುತ್ತಿಕೊಂಡು, ಪೂಜಾರಪ್ಪನವರು ಪೆನ್ಸಿಲ್ ಹಾಕಿ ತಿರುಗಿಸಿ ಬಿಡಿಸಿದ್ದರು. ಅಂದಿನಿಂದ ಆ ಜಾಗ ಬಂದ ಕೂಡಲೇ ಹಾಡುವ ವಿದ್ವಾಂಸರ ದನಿ ಎಳೆದುಕೊಂಡು, ಇಳಿದು, ಕರು ಕಾಣದ ಎಮ್ಮೆಯ ಹಾಗೆ ಒಂದು ಸಲ ಕೂಗಿ, ಮತ್ತೆ ಸರಿಯಾಗುತ್ತಿತ್ತು. ಸ್ವಾಮಿ ಕ್ಷಮಿಸಲಿ, ಅದು ಹಾಗೆಯೇ ಕೇಳುತ್ತಿತ್ತು.

ಅಳಿಯನಿಗೆ ಇದು ಸರಿಬರಲಿಲ್ಲ. "ಪೂಜಾರಪ್ನೋರೇ, ದೇವ್ರನ್ನ ಎಬ್ಬಿಸೋ ಹಾಡಾ ಇದು?" ಅಂತ ಡಬ್ಬಿ ತಂದು, ಅದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ, ಹೊಸ ಸುಪ್ರಭಾತ ಹಾಕಿಕೊಟ್ಟ. ಅದರ ದನಿ ಹರಳೆಣ್ಣೆ ಸುರಿದ ಹಾಗೆ. ಎಲ್ಲೂ ತಡೆಯಿಲ್ಲ, ಕೂಗಿಲ್ಲ. ಪೂಜಾರಪ್ಪನವರಿಗೂ ಸಂತೋಷವಾಯಿತು.

ಆ ಸಂತೋಷ ಮೊದಲ ದಿನದ ಬೆಳಗಿನವರೆಗೆ ಮಾತ್ರ. ಡೇರಿಯ ಹಾಲಿನ ವ್ಯಾನು ಹೊರಟುಹೋದಮೇಲೆ ಹೆಂಗಸರು ಕ್ಯಾನು ಹಿಡಿದು ಬಂದರು. ಕಾರ್ಖಾನೆಯ ಬಸ್ಸು ಹೊರಟಮೇಲೆ ಗಂಡಸರು ಊಟದ ಡಬ್ಬಿ ಹಿಡಿದು ಬಂದರು. ಎರಡು ಗುಂಪೂ ರಸ್ತೆಯಲ್ಲಿ ಒಂದಕ್ಕೊಂದು ಎದುರಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೆಟ್ಟಗೆ ಗುಡಿಗೆ ನಡೆದವು.

"ಏನ್ ಸ್ವಾಮಿ, ಇವತ್ತು ಎಮ್ಮೆ ಯಾಕೆ ಕೂಗ್ಲಿಲ್ಲ?"

"ಯಾವ ಎಮ್ಮೆನಮ್ಮಾ?"

"ಅದೇ ಸ್ವಾಮಿ, ಸುಪ್ರಭಾತದಾಗಿನ ಎಮ್ಮೆ! ಅದು ಕೂಗಿದ್ಮೇಲೆ ತಾನೆ ನಾವು ಹಾಲು ಎತ್ಕೊಂಡು ಹೊರಡೋದು?"

ಗಂಡಸರಲ್ಲೊಬ್ಬ ಹಿಂದಿನಿಂದ, "ನಾವೂ ಅಷ್ಟೇ ಸ್ವಾಮಿ. ಅದು ಕೂಗಿದಾಗ ತಟ್ಟೆ ಮುಂದಿಂದ ಎದ್ರೆ ಬಸ್ ಸಿಗ್ತದೆ" ಅಂದ.

ಪೂಜಾರಪ್ಪನವರಿಗೆ ನೋವಾಯಿತು. "ಅದು ಎಮ್ಮೆ ಅಲ್ಲ ಕಣ್ರಪ್ಪಾ, ದೊಡ್ಡ ವಿದ್ವಾಂಸರು" ಅಂದರು.

"ಯಾರಾದ್ರೂ ಆಗ್ಲಿ ಸ್ವಾಮಿ, ಅವ್ರು ಕೂಗ್ಬೇಕು" ಅಂದರು ಹೆಂಗಸರು.

ಕೊನೆಗೆ ಅಳಿಯನೇ ಆ ಕ್ಯಾಸೆಟ್ಟನ್ನು ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಒಯ್ದು ಪೆನ್‌ಡ್ರೈವಿಗೆ ಇಳಿಸಿಕೊಡಿ ಅಂದ. ಅಂಗಡಿಯವನು ಕಂಪ್ಯೂಟರಿನಲ್ಲಿ ಕೇಳಿ ನೋಡಿ, "ಸಾರ್, ನಡುವೆ ಒಂದು ಜಾಗ ಕೆಟ್ಟಿದೆ, ಸರಿ ಮಾಡಿಕೊಡ್ತೀನಿ, ಬೇರೆ ದುಡ್ಡೇನೂ ಬೇಡ" ಅಂದನಂತೆ. ಅಳಿಯ ಕುರ್ಚಿಯಿಂದ ಎದ್ದು, "ಅಪ್ಪಾ, ಬೇಕಾದ್ರೆ ಹಾಡು ಬಿಡು, ಆ ಜಾಗ ಮಾತ್ರ ಮುಟ್ಟಬೇಡ!" ಅಂದನಂತೆ.

೨. ತಲೆಯಾಡಿಸಿದ ಬಸ್ಸು

ಜಮಖಾನ ತುಂಬಿಸಬೇಕಾದರೆ ದುಡಿಯುವ ವಯಸ್ಸಿನವರು ಬೇಕು. ಅವರೆಲ್ಲಾ ಒಂದೇ ಕಡೆ ಸಿಗುವುದು ಕಾರ್ಖಾನೆಯ ಬಸ್ಸಿನಲ್ಲಿ. ಡ್ರೈವರು ಪರಿಚಯದವನು. ಒಂದು ಬೆಳಿಗ್ಗೆ ಸುಪ್ರಭಾತದ ಎಮ್ಮೆ ಕೂಗಿದ ಕೂಡಲೇ ಹೋಗಿ ಅವನ ಪಕ್ಕ ಹತ್ತಿ ಕೂತೆ.

"ಹಿಂದೆ ಈ ಬಸ್ಸಲ್ಲಿ ದಿನಾ ಯುದ್ಧ ಸ್ವಾಮಿ" ಅಂದ ಡ್ರೈವರು. "ಅರ್ಧ ಜನ ಕನ್ನಡ ಹಾಡು ಹಾಕು ಅನ್ನೋರು, ಅರ್ಧ ಜನ ತೆಲುಗು ಅನ್ನೋರು. ಹೋಗ್ತಾ ಕನ್ನಡ, ಬರ್ತಾ ತೆಲುಗು ಅಂತ ನಾನೇ ಪಂಚಾಯ್ತಿ ಮಾಡಿದ್ದೆ. ಈಗ ಒಬ್ಬನೂ ಕೇಳಲ್ಲ. ಎಲ್ಲರ ಕಿವೀಲೂ ಒಂದೊಂದು ಬಿಳೇ ಬೀಜ. ನಾನು ಏನ್ ಹಾಕಿದ್ರೂ ನನಗೊಬ್ಬನಿಗೇ."

ತಿರುಗಿ ನೋಡಿದೆ. ನಿಜ. ಬಸ್ಸಿನ ತುಂಬ ಜನ, ಒಂದು ಮಾತಿಲ್ಲ. ಒಬ್ಬನ ಕಾಲು ಆದಿತಾಳ ಹಾಕುತ್ತಿದೆ, ಪಕ್ಕದವನ ಬೆರಳು ಯಾವ ತಾಳಕ್ಕೂ ಸೇರದ ತಾಳ ಹಾಕುತ್ತಿದೆ. ಒಬ್ಬೊಬ್ಬನದೂ ಒಂದೊಂದು ಕಚೇರಿ.

ಎದ್ದು, ಸೀಟಿನ ಕಂಬಿ ಹಿಡಿದು, ಮೊದಲನೆಯವನ ಹತ್ತಿರ ಬಗ್ಗಿ ಹೇಳಿದೆ. "ಬರೋ ಶನಿವಾರ ಭಜನೆಗೆ ಬರಬೇಕಪ್ಪಾ." ಅವನು ನಕ್ಕು ಹೂಂ ಅನ್ನುವ ಹಾಗೆ ತಲೆಯಾಡಿಸಿದ. ಎರಡನೆಯವನೂ ಆಡಿಸಿದ. ಮೂರನೆಯವನಂತೂ ಕಣ್ಣು ಮುಚ್ಚಿ, ಭಕ್ತಿಯಿಂದ, ಬಿಡದೆ ಆಡಿಸಿದ. ಕೊನೆಯ ಸೀಟಿನವರೆಗೂ ಹೋದೆ. ಇಡೀ ಬಸ್ಸಿನಲ್ಲಿ ಅಡ್ಡ ತಲೆಯಾಡಿಸಿದವನು ಒಬ್ಬನೇ, ನಮ್ಮ ಅಳಿಯ. ಡಬ್ಬಿಯವನು ಹಾಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ ಅಂದುಕೊಂಡೆ.

ಇಳಿದವನೇ ಪೂಜಾರಪ್ಪನವರಿಗೆ ಫೋನ್ ಮಾಡಿದೆ. "ಸ್ವಾಮಿ, ಪ್ರಸಾದ ಜಾಸ್ತಿ ಮಾಡಿಸಿ. ಬಸ್ಸಿಗೆ ಬಸ್ಸೇ ಬರ್ತದೆ!" ಅವರು ದೊಡ್ಡ ಪಾತ್ರೆ ಹೊರಗೆ ತೆಗೆಸಿ ಪುಳಿಯೋಗರೆ ಕಲೆಸಿದರು.

ಶನಿವಾರ ಬಂತು. ನಾನು, ದೊಡ್ಡಮ್ಮ, ಪುಳಿಯೋಗರೆ. ದೀಪ ಹಚ್ಚಿ ಬಹಳ ಹೊತ್ತಾಯಿತು. ಬಾಗಿಲಲ್ಲಿ ಒಂದೇ ಒಂದು ತಲೆ ಕಾಣಿಸಿತು. ಅದು ಅಳಿಯನದು.

"ಅಲ್ಲಪ್ಪಾ, ನೀನು ಬರಲ್ಲ ಅಂತ ತಲೆ ಆಡಿಸಿದ್ಯಲ್ಲ?"

"ಹೂಂ ಮಾವ, ಶನಿವಾರ ಡ್ಯೂಟಿ ಇತ್ತು, ಅದಕ್ಕೆ ಆಗಲ್ಲ ಅಂದೆ. ಆಮೇಲೆ ಶಿಫ್ಟ್ ಬದಲಾಯ್ತು, ಬಂದೆ."

"ಮತ್ತೆ ಬರ್ತೀವಿ ಅಂತ ತಲೆ ಆಡಿಸಿದೋರು?"

ಅಳಿಯ ನನ್ನನ್ನು ಕನಿಕರದಿಂದ ನೋಡಿದ. "ಮಾವ, ಅವ್ರು ನಿಮಗಲ್ಲ ಆಡ್ಸಿದ್ದು. ಹಾಡಿಗೆ. ನಿಮ್ಮ ಮಾತು ಕೇಳಿಸಿದ್ದು ನನಗೊಬ್ಬನಿಗೇ. ಅವತ್ತು ನನ್ನದರ ಚಾರ್ಜು ಹೋಗಿತ್ತು."

ಆ ಪುಳಿಯೋಗರೆಯನ್ನು ಬೀದಿಗೆಲ್ಲಾ ಹಂಚಿಯೂ ಮಾರನೆಯ ದಿನ ನಮ್ಮ ಮನೆಯಲ್ಲಿ ಅದೇ ತಿಂಡಿ. ಪೂಜಾರಪ್ಪನವರು ಪಾತ್ರೆ ಒಳಗಿಡುತ್ತಾ ಒಂದೇ ಮಾತು ಹೇಳಿದರು: "ಇನ್ನೊಂದು ಸಲ ಲೆಕ್ಕ ಹಾಕೋವಾಗ ಅಡ್ಡ ತಲೆ ಆಡಿಸಿದೋರನ್ನ ಮಾತ್ರ ಹಿಡೀರಿ."

೩. ಜ್ವರ ಬಂದ ಮನೆಯಲ್ಲಿ ಹಾಡು

ನನ್ನ ಹೆಂಡತಿಯ ತವರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಅವಳ ಅಣ್ಣ, ನಮ್ಮ ಭಾವ, ಒಳ್ಳೆಯ ಭಜನೆಗಾರ. ಅವರ ಊರಿನ ಗೆಳೆಯರನ್ನು ಒಂದು ದಿನದ ಮಟ್ಟಿಗೆ ಕರೆತಂದರೆ ಜಮಖಾನ ತುಂಬುತ್ತದೆ ಅಂತ ಲೆಕ್ಕ ಹಾಕಿ ಹೋದೆ.

ಭಾವ ರೇಷ್ಮೆಹುಳ ಸಾಕುತ್ತಾರೆ. ನಾನು ಹೋದಾಗ ಹುಳ ಜ್ವರದಲ್ಲಿದ್ದವು. ಗೊತ್ತಿಲ್ಲದವರು ಗಾಬರಿಯಾಗಬೇಡಿ, ಹುಳ ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ನಿಂತು, ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಹುಳುಮನೆಯಲ್ಲಿ ಸದ್ದು ಮಾಡಬಾರದು ಅನ್ನುವುದು ಭಾವನವರ ಕಟ್ಟುನಿಟ್ಟು. ಬಾಗಿಲಲ್ಲಿ ನನ್ನನ್ನು ಕಂಡವರು ಬಾಯಿಗೆ ಬೆರಳಿಟ್ಟು ಕೂರು ಅಂತ ಸನ್ನೆ ಮಾಡಿದರು. ಹೊಸಿಲಾಚೆ ಕೂತೆ.

ಅಷ್ಟರಲ್ಲಿ ಒಳಗಿನ ಮೂಲೆಯಿಂದ ಒಂದು ಸಿನಿಮಾ ಹಾಡು ಎದ್ದಿತು. ಅಬ್ಬಾ, ಏನು ದನಿ! ಭಾವನ ಹೊಸ ಸೊಸೆ, ತಟ್ಟೆಗಳ ಕೆಳಗೆ ಸುಣ್ಣದ ಪುಡಿ ಉದುರಿಸುತ್ತಾ, ಕಿವಿಗೆ ಆ ಬಿಳೇ ಬೀಜ ಸಿಕ್ಕಿಸಿಕೊಂಡು ಹಾಡುತ್ತಿದ್ದಳು. ಕಿವಿ ಮುಚ್ಚಿದ್ದರಿಂದ ತಾನು ಗುನುಗುತ್ತಿದ್ದೇನೆ ಅಂದುಕೊಂಡಿದ್ದಳು. ಕೆರೆಯ ಆಚೆ ದಡಕ್ಕೆ ಕೇಳಿಸುತ್ತಿತ್ತು.

ಈಗ ಭಾವನ ಕಷ್ಟ ನೋಡಿ. ಕೂಗಿ ನಿಲ್ಲಿಸೋಣವೆಂದರೆ ಹುಳ ಬೆದರುತ್ತವೆ. ಮೆಲ್ಲಗೆ ಹೇಳೋಣವೆಂದರೆ ಅವಳಿಗೆ ಕೇಳಿಸದು. ಸೊಸೆಯನ್ನು ಮುಟ್ಟಿ ಎಚ್ಚರಿಸುವುದು ಮಾವನಿಗೆ ಒಪ್ಪುವ ಮಾತಲ್ಲ. ಕೈ ಬೀಸಿದರು. ಅವಳು ಸೊಳ್ಳೆ ಇರಬೇಕು ಅಂದುಕೊಂಡು ತಾನೂ ಒಂದು ಸಲ ಕೈ ಬೀಸಿದಳು. ಎರಡೂ ಕಿವಿ ಮುಟ್ಟಿ ತೋರಿಸಿದರು. ಮಾವ ಸ್ವಾಮಿಯನ್ನು ನೆನೆದು ಕಿವಿ ಹಿಡಿದುಕೊಂಡರು ಅಂತ ಅವಳೂ ಭಕ್ತಿಯಿಂದ ಗಲ್ಲ ಮುಟ್ಟಿಕೊಂಡಳು. ಹಾಡು ಮಾತ್ರ ಚರಣಕ್ಕೆ ಏರಿತು.

ಕೊನೆಗೆ ಭಾವ ತಾಳಲಾರದೆ ಎರಡೂ ಕೈ ಜೋಡಿಸಿ ಮುಗಿದುಬಿಟ್ಟರು. ಸೊಸೆ ಹೌಹಾರಿದಳು. ಹಿರಿಯರು ತನಗೆ ಕೈಮುಗಿಯುವುದೇ? ಸುಣ್ಣದ ಕೈಯಲ್ಲೇ ಧಡಕ್ಕನೆ ಬಗ್ಗಿ ಮಾವನ ಕಾಲಿಗೆ ನಮಸ್ಕಾರ ಮಾಡಿದಳು. ನಮಸ್ಕಾರ ಮಾಡುತ್ತಾ ಹಾಡಿದಳು. ಭಾವ ಆಶೀರ್ವಾದ ಮಾಡದೆ ಇರುವ ಹಾಗಿಲ್ಲ, ಮಾಡಿದರು. ಅದೂ ಸದ್ದಿಲ್ಲದೆ, ತುಟಿಯಲ್ಲಿ.

ಬಗ್ಗಿದಾಗ ಒಂದು ಬೀಜ ಕಿವಿಯಿಂದ ಉದುರಿತು. ಆಗ ಅವಳಿಗೆ ಅವಳ ದನಿಯೇ ಕೇಳಿಸಿತು. ಸೆರಗು ಬಾಯಿಗಿಟ್ಟುಕೊಂಡು ಓಡಿದವಳು ನಾನು ಹೊರಡುವವರೆಗೂ ಈಚೆಗೆ ಬರಲಿಲ್ಲ.

ಭಜನೆಯ ವಿಷಯ ಎತ್ತಿದೆ. "ಆಗಲ್ಲ ಭಾವಾ" ಅಂದರು ಅವರು. "ಆ ಶನಿವಾರಕ್ಕೆ ಸರಿಯಾಗಿ ಹುಳ ಹಣ್ಣಾಗ್ತವೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು. ಇಲ್ಲಿ ಎಲ್ಲರ ಮನೇಲೂ ಅದೇ ಕೆಲಸ." ರೇಷ್ಮೆ ಮಾಡುವವರಿಗೆ ಆ ದಿನ ಬಿಟ್ಟು ಬಾ ಅನ್ನುವ ಹಾಗಿಲ್ಲ. ಬರಿಗೈಲಿ ಬಂದೆ.

ಆ ಸಲ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವರ ಗೂಡನ್ನು ನೋಡಿದವರೆಲ್ಲಾ ಹೊಗಳಿದರಂತೆ. ಮುಂದಿನ ಬೆಳೆಗೆ ಹುಳ ಯಾಕೋ ಮಂಕಾಗಿದ್ದವಂತೆ. ಭಾವ ಎರಡು ದಿನ ಸುಮ್ಮನಿದ್ದು ನೋಡಿ, ಮೂರನೆಯ ದಿನ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದರಂತೆ: "ಆ ಮಗೂಗೆ ಬೀಜ ಕಿವಿಗೆ ಹಾಕ್ಕೊಳ್ಳೋಕೆ ಹೇಳು."

೪. ಮೇಷ್ಟ್ರ ಹೆಬ್ಬೆರಳು

ಹಿಂದಿರುಗುವಾಗ ಚಿಂತಾಮಣಿಯಲ್ಲಿ ಇಳಿದು ಮೇಷ್ಟ್ರನ್ನು ನೋಡಲು ಹೋದೆ. ಅವರೊಬ್ಬರು ಬಂದು ಹಾರ್ಮೋನಿಯಂ ಮುಂದೆ ಕೂತರೆ ಸಾಕು, ಹಳಬರೆಲ್ಲಾ ತಾವಾಗಿ ಬಂದು ಕೂರುತ್ತಾರೆ ಅನ್ನುವ ನಂಬಿಕೆ ನನ್ನದು.

ಮೇಷ್ಟ್ರ ನಿಧಾನ ನಮ್ಮ ಕಡೆ ಹೆಸರಾಗಿತ್ತು. ಅವರು ಆಲಾಪನೆ ಶುರುಮಾಡಿದರೆ ಮನೆಗೆ ಹೋಗಿ ಹಸು ಕರೆದು ಬಂದು ಕೂತರೂ ಪಲ್ಲವಿಗೆ ತಪ್ಪುತ್ತಿರಲಿಲ್ಲ. ಅಂಥವರು ಈಗ ಜಗುಲಿಯ ಮೇಲೆ ಕಾಲು ನೀಡಿಕೊಂಡು, ಮೊಮ್ಮಗಳು ಕೊಟ್ಟ ಫೋನಿನಲ್ಲಿ ಒಂದೊಂದು ನಿಮಿಷದ ಹಾಡು ನೋಡುತ್ತಿದ್ದರು. ಒಂದು ಸಾಲು ಕೇಳುವುದು, ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳುವುದು, ಇನ್ನೊಂದು ಕೇಳುವುದು.

"ಬಾರಪ್ಪಾ, ಬಾ! ಇದ್ರಲ್ಲಿ ಎಷ್ಟು ಜನ ವಿದ್ವಾಂಸರು ಅವ್ರೆ ಗೊತ್ತಾ?"

"ಪೂರ್ತಿ ಕೇಳ್ತೀರಾ ಮೇಷ್ಟ್ರೇ?"

"ಪೂರ್ತಿ ಕೇಳ್ತಾ ಕೂತ್ರೆ ಮಿಕ್ಕೋರು ಬೇಜಾರಾಗಲ್ವಾ?"

ಕಾಫಿ ಆಯಿತು. ಬಂದ ವಿಷಯ ಹೇಳಿದೆ. ಕೊನೆಯ ಶನಿವಾರಕ್ಕೆ ನಾನು ಹೊಸದಾಗಿ ರಾಗ ಕೂಡಿಸಿದ್ದ ಒಂದು ಭಜನೆ ಇತ್ತು, ತಿದ್ದಿಕೊಡಿ ಅಂದೆ. "ಹಾಡು, ಹಾಡು" ಅಂದರು. ಕಣ್ಣು ಮುಚ್ಚಿ ಪಲ್ಲವಿ ಹಾಡಿದೆ. ಚೆನ್ನಾಗಿ ಬಂತು ಅನ್ನಿಸಿತು. ಮುಂದಿನ ಸಾಲಿಗೆ ಉಸಿರೆಳೆದು ಕಣ್ಣು ತೆರೆದೆ.

ಮೇಷ್ಟ್ರ ಫೋನು ಪಕ್ಕದಲ್ಲಿತ್ತು. ಅವರ ಹೆಬ್ಬೆರಳು ಮಾತ್ರ ನನ್ನ ಮುಖಕ್ಕೆ ನೇರವಾಗಿ, ಗಾಳಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಹೋಯಿತು.

"ಏನ್ ಮೇಷ್ಟ್ರೇ?"

ಅವರು ತಮ್ಮ ಬೆರಳನ್ನು ತಾವೇ ನೋಡಿಕೊಂಡರು. "ಏನಿಲ್ಲಪ್ಪ... ಮುಂದಿನೋರು ಬರ್ತಾರೇನೋ ಅಂತ."

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ನಕ್ಕಾದಮೇಲೆ ಮೇಷ್ಟ್ರು ಮಂಡಿ ಸವರಿಕೊಂಡು, "ಬರೋಕೆ ಮನಸ್ಸೈತೆ, ಕಾಲು ಒಪ್ಪಲ್ಲ ಕಣಪ್ಪಾ. ನೆಲದ ಮೇಲೆ ಕೂತ್ರೆ ಏಳ್ಸೋಕೆ ನಾಲ್ಕು ಜನ ಬೇಕು. ಅಷ್ಟು ಜನ ನಿಮ್ಮ ಭಜನೇಲೇ ಇಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ಒಂದು ನೆನಪಿಟ್ಕೋ. ಹಾಡು ಎಲ್ಲಿ ಬೇಕಾದ್ರೂ ನಿಲ್ಲಿಸು, ತಪ್ಪಿಲ್ಲ. ಮಂಗಳ ಮಾತ್ರ ನಡುವೆ ನಿಲ್ಲಿಸಬಾರದು. ಮಂಗಳ ಮುಗಿಯೋವರ್ಗೂ ಆರತಿ ಇಳಿಸಬಾರದು. ಅದು ನಿಮ್ಮ ಗುಡಿಯ ಕಟ್ಟಳೆ" ಅಂದರು.

ಹಾಗಂದವರು ಅಲ್ಲೇ ಕೂತು ಇಡೀ ಮಂಗಳವನ್ನು ಒಂದು ಸಾಲೂ ಬಿಡದೆ ಹಾಡಿದರು. ಹೆಬ್ಬೆರಳು ತೊಡೆಯ ಮೇಲೆ ಸುಮ್ಮನಿತ್ತು. ನನಗೆ ಏಳಲು ಮನಸ್ಸಾಗಲಿಲ್ಲ. ಆದರೆ ಬಸ್ಸು ಹಿಡಿಯಬೇಕಾದವನು ಸ್ವಾಮಿಯಲ್ಲ, ನಾನು.

೫. ಮುಗಿಯದ ಮಂಗಳ

ಕೊನೆಯ ಶನಿವಾರ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು, ಕಾರ್ಖಾನೆಯವರು, ಮಕ್ಕಳು, ಎಲ್ಲರೂ ಬಂದಿದ್ದರು. ಆರತಿಗೆ ಬಂದಿದ್ದರು, ಪ್ರಸಾದಕ್ಕೆ ಬಂದಿದ್ದರು. ಜಮಖಾನದ ಸುತ್ತ ಕೋಟೆ ಕಟ್ಟಿದ ಹಾಗೆ ನಿಂತರು. ಅದರ ಮೇಲೆ ಮಾತ್ರ ನಾನು, ದೊಡ್ಡಮ್ಮ.

"ಕೂತ್ಕೊಳ್ರಪ್ಪಾ" ಅಂದೆ. "ಇರ್ಲಿ ಬಿಡಿ ಅಣ್ಣ, ನಿಂತೇ ಕೇಳ್ತೀವಿ" ಅಂದರು. ಕೇಳುವವರಿಗೆ ಯಾವತ್ತೂ ಕೊರತೆಯಿಲ್ಲ.

ಅಧ್ಯಕ್ಷರು ಬಂದು ಜಮಖಾನ ನೋಡಿದರು, ನನ್ನನ್ನು ನೋಡಿದರು. "ಬೇಜಾರು ಮಾಡ್ಕೋಬೇಡಿ ಅಣ್ಣಾ" ಅಂದರು. ನಾನು ತಾಳಗಳನ್ನು ಚೀಲಕ್ಕೆ ಹಾಕಿ ದಾರ ಬಿಗಿದೆ. ನಮ್ಮ ತಾತ ಹಿಡಿದಿದ್ದ ಜೊತೆ ಅದರಲ್ಲಿತ್ತು. ಒಳಗೆ ಹೋಗುವಾಗ ಅದು ಒಂದು ಸಲ ಕಿಣಿ ಅಂದಿತು.

ಅಳಿಯ ಡಬ್ಬಿ ತಂದು ಸ್ವಾಮಿಯ ಎದುರಿಗೆ ಇಟ್ಟ. ಡಬ್ಬಿ ಚೆನ್ನಾಗಿ ಹಾಡಿತು, ಸುಳ್ಳು ಹೇಳಬಾರದು. ಮಂಗಳಾರತಿಯ ಹೊತ್ತು ಬಂತು. ಪೂಜಾರಪ್ಪನವರು ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಅಳಿಯ ಫೋನಿನಲ್ಲಿ ಮಂಗಳ ಹಾಕುತ್ತಾ ನನ್ನ ಕಿವಿಯಲ್ಲಿ ಹೇಳಿದ: "ಮಾವ, ನಿನ್ನೆ ಪರೀಕ್ಷೆ ಮಾಡ್ದಾಗ ಮಂಗಳ ಆದ್ಮೇಲೆ ತಾನಾಗೇ ಯಾವ್ದೋ ಕುಣಿಯೋ ಹಾಡು ಬಂದ್ಬಿಡ್ತು. ಇವತ್ತು ಹಂಗಾಗಲ್ಲ. ಮಂಗಳ ಬಿಟ್ಟು ಬೇರೆ ಹಾಡೇ ಬರದಂಗೆ ಇಟ್ಟಿದೀನಿ."

ಮಂಗಳ ಶುರುವಾಯಿತು. ಗಂಟೆ, ಜಾಗಟೆ ಶುರುವಾದವು. ಎಲ್ಲರೂ ಕೈಮುಗಿದರು. ಕೊನೆಯ ಸಾಲು ಬಂತು. ಪೂಜಾರಪ್ಪನವರು ತಟ್ಟೆಯನ್ನು ಎದೆಯ ಮಟ್ಟಕ್ಕೆ ಇಳಿಸಿದರು. ಅಷ್ಟರಲ್ಲಿ ಡಬ್ಬಿ ಉಸಿರೂ ತೆಗೆದುಕೊಳ್ಳದೆ ಮೊದಲ ಸಾಲು ಎತ್ತಿಕೊಂಡಿತು. ಇಳಿದ ತಟ್ಟೆ ಮತ್ತೆ ಏರಿತು.

ಸ್ವಾಮಿಗೆ ಎರಡನೆಯ ಸಲ ಮಂಗಳ ಆಗಲಿ, ಒಳ್ಳೆಯದೇ ಅಂದುಕೊಂಡೆವು. ಮೂರನೆಯ ಸಲ ಶುರುವಾದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಳಿಯ ಫೋನಿಗೆ ಕೈ ಹಾಕಿದ.

"ಏಯ್!" ಹಾಲಿನ ಹೆಂಗಸರೆಲ್ಲಾ ಒಟ್ಟಿಗೆ ಕೂಗಿದರು. "ಮಂಗಳ ನಡುವೆ ನಿಲ್ಲಿಸ್ತೀಯಾ? ಶ್ರಾವಣ ಮಾಸದಾಗ? ಊರಿಗೆ ಒಳ್ಳೇದಾಗ್ತದಾ?"

"ಮುಗಿದ ತಕ್ಷಣ ನಿಲ್ಲಿಸ್ತೀನಿ ಅತ್ತೆ" ಅಂದು ಅಳಿಯ ಬೆರಳು ಮೇಲೆತ್ತಿ ಕಾದ. ಕೊನೆಯ ಸಾಲು ಬಂತು. ಒತ್ತಿದ. ಬೆರಳಿಗೆ ಪಂಚಾಮೃತದ ಜೇನು ಅಂಟಿತ್ತು, ಫೋನು ಅವನನ್ನು ಯಜಮಾನ ಅಂತ ಒಪ್ಪಲಿಲ್ಲ. ಪಂಚೆಗೆ ಒರೆಸಿಕೊಳ್ಳುವಷ್ಟರಲ್ಲಿ ಮಂಗಳ ಮತ್ತೆ ಅರ್ಧ ದಾರಿಗೆ ಬಂದಿತ್ತು. ಆಮೇಲಿನ ಸಲಗಳಲ್ಲೂ ಅವನ ಬೆರಳು ಒಂದು ಗಳಿಗೆ ತಡ, ಡಬ್ಬಿ ಒಂದು ಗಳಿಗೆ ಮುಂದೆ.

ಒಳಗೆ ಕರ್ಪೂರ ಸಣ್ಣಗಾಗುತ್ತಿತ್ತು. ಇನ್ನೇನು ಆರಿ ಪೂಜಾರಪ್ಪನವರ ಕೈ ಉಳಿಯುತ್ತದೆ ಅನ್ನುವಾಗ, ಒಬ್ಬಾಕೆ ಮಹಾ ಭಕ್ತೆ, "ಅಯ್ಯೋ, ಮಂಗಳ ನಡೀತಾ ಐತೆ, ಆರತಿ ಆರಬಾರದು!" ಅಂತ ಓಡಿಹೋಗಿ ಒಂದು ಹಿಡಿ ಕರ್ಪೂರ ತಟ್ಟೆಗೆ ಸುರಿದಳು. ಜ್ವಾಲೆ ಭಗ್ಗನೆ ಎದ್ದಿತು. ಪೂಜಾರಪ್ಪನವರು ತಟ್ಟೆಯನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ದಾಟಿಸುತ್ತಾ ಕಾಲಿನಲ್ಲಿ ಸಣ್ಣಗೆ ಕುಣಿಯತೊಡಗಿದರು. ಹಿಂದೆ ನಿಂತವರು, "ನೋಡ್ರಪ್ಪಾ, ಸ್ವಾಮಿ ಮೈಮೇಲೆ ಬಂದವ್ನೆ!" ಅಂತ ಗಲ್ಲ ಬಡಿದುಕೊಂಡರು.

ಗಂಟೆ ಹೊಡೆಯುವವನು ಸೋತು ಇನ್ನೊಬ್ಬನಿಗೆ ಹಗ್ಗ ಕೊಟ್ಟ. ನಿಂತವರ ಕಾಲು ಸೋತು ಒಬ್ಬೊಬ್ಬರಾಗಿ ಕೂರತೊಡಗಿದರು. ಮಂಗಳ ಮಾತ್ರ ಎಷ್ಟನೆಯ ಸಲವೋ, ಅದೇ ಹುರುಪಿನಲ್ಲಿ.

ಆಗ ನನಗೆ ಹೊಳೆಯಿತು. ನಮ್ಮ ಗುಡಿಯಲ್ಲಿ ಮಂಗಳ ಮುಗಿಯಿತು ಅಂತ ಪೂಜಾರಪ್ಪನವರಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಎಲ್ಲರಿಗಿಂತ ಕೊನೆಗೆ ದೊಡ್ಡಮ್ಮನ ಸಾಲು ಮುಗಿಯಬೇಕು. ಅಷ್ಟು ವರ್ಷವೂ ಅವರ ಬಾಯಿ ನೋಡಿಕೊಂಡೇ ತಟ್ಟೆ ಇಳಿಸುತ್ತಿದ್ದರು.

"ದೊಡ್ಡಮ್ಮಾ, ನೀವು ಹಾಡಿ ಮುಗಿಸಿ!" ಅಂದೆ.

ದೊಡ್ಡಮ್ಮ ಕೈಮುಗಿದುಕೊಂಡೇ ನಿಧಾನವಾಗಿ ತಿರುಗಿದರು. "ಅವ್ನು ಹಾಡ್ತಾ ಅವ್ನಲ್ಲಪ್ಪಾ. 'ನೀವು ಬೇಡ, ಅವ್ನು ಹಾಡ್ಲಿ' ಅಂದೋರು ನೀವೇ ತಾನೆ? ನಡುವೆ ಬಾಯಿ ಹಾಕೋದು ಮರ್ಯಾದೇನಾ? ಅವ್ನು ಮುಗಿಸ್ಲಿ, ಆಮೇಲೆ ನೋಡಣ."

ಗರ್ಭಗುಡಿಯೊಳಗಿಂದ ಪೂಜಾರಪ್ಪನವರ ದನಿ ಬಂತು: "ದೊಡ್ಡಮ್ಮಾ, ಅವ್ನು ಮುಗಿಸೋ ಪೈಕಿ ಅಲ್ಲ! ನನ್ನ ಕೈ ಬೆಂದೋಯ್ತು ತಾಯೀ!"

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎತ್ತಿದರು. ಕಂಚಿನ ಗಂಟೆ ಅಂದೆನಲ್ಲ, ಅದು. ಹಾಲಿನ ಹೆಂಗಸರು ಹಿಂದೆಯೇ ಸೇರಿಕೊಂಡರು. ತೊಟ್ಟಿಲಿನಿಂದ ಕೇಳಿದ ಮಂಗಳ, ಯಾರಿಗೆ ಬರುವುದಿಲ್ಲ? ಕಾರ್ಖಾನೆಯವರು ಕಿವಿಯಿಂದ ಬೀಜ ಕಿತ್ತು ಜೇಬಿಗೆ ಹಾಕಿ ಬಾಯಿ ತೆರೆದರು. ನನ್ನ ಕೈ ನನಗೆ ಹೇಳದೆಯೇ ಚೀಲದ ದಾರ ಬಿಚ್ಚುತ್ತಿತ್ತು. ಪಕ್ಕದಲ್ಲಿ ಒಂದು ಕೈ ಚಾಚಿಕೊಂಡಿತು. ಅಳಿಯನದು. "ಮಾವ, ನನಗೂ ಒಂದು ಜೊತೆ." ತಾತನ ಜೊತೆಯನ್ನೇ ಕೊಟ್ಟೆ.

ಡಬ್ಬಿ ಎಲ್ಲಿತ್ತೋ, ಏನು ಹಾಡುತ್ತಿತ್ತೋ, ಒಬ್ಬರಿಗೂ ಕೇಳಿಸಲಿಲ್ಲ. ನಾವೆಲ್ಲಾ ಮುಗಿಸಿದೆವು. ಗುಡಿ ಕಾದಿತು. ದೊಡ್ಡಮ್ಮನ ಕೊನೆಯ ಸಾಲು ಒಂದಿಷ್ಟೂ ಅವಸರವಿಲ್ಲದೆ ನಡೆದು ಬಂದು, ನಿಂತು, ಮುಗಿಯಿತು. ಅವರ ಬಾಯನ್ನೇ ನೋಡುತ್ತಿದ್ದ ಪೂಜಾರಪ್ಪನವರು ತಟ್ಟೆ ಇಳಿಸಿದರು. ಎರಡೂ ಕೈಯನ್ನು ನೀರಿನ ಬಿಂದಿಗೆಗೆ ಅದ್ದಿದರು. ಅಳಿಯ ಹೋಗಿ ಡಬ್ಬಿ ಆರಿಸಿದ. ಈಗ ಯಾರೂ ಬೇಡ ಅನ್ನಲಿಲ್ಲ, ಮಂಗಳ ಮುಗಿದಿತ್ತಲ್ಲ.

ಪೂಜಾರಪ್ಪನವರು ಬಿಂದಿಗೆಯಿಂದ ಕೈ ತೆಗೆಯದೆಯೇ ಸಾರಿದರು: "ಇನ್ಮೇಲೆ ಡಬ್ಬಿ ಬೇಕು ಅನ್ನೋರು ಬಂದು ತಟ್ಟೆ ಹಿಡೀರಿ."

ಅಧ್ಯಕ್ಷರು ಸಣ್ಣಗೆ, "ಅದು ಸರಿ, ಆದ್ರೆ ಜಮಖಾನ ತುಂಬಬೇಕು ಅಂತ ಮಾತಾಗಿತ್ತಲ್ಲಾ" ಅಂದರು. ಎಲ್ಲರೂ ಅವರನ್ನೇ ನೋಡಿದೆವು. ಆಮೇಲೆ ಅವರೂ ನೋಡಿಕೊಂಡರು. ಕಾಲು ಸೋತು ಕೂತವರಿಂದ ಜಮಖಾನ ಅಂಚಿನವರೆಗೂ ತುಂಬಿತ್ತು. ಅದರ ನಟ್ಟನಡುವೆ, ಚಕ್ಕಳಮಕ್ಕಳ ಹಾಕಿಕೊಂಡು ಅಧ್ಯಕ್ಷರೇ ಕೂತಿದ್ದರು.

ಆ ನಗು ಇನ್ನೂ ನಿಂತಿರಲಿಲ್ಲ. ದೊಡ್ಡಮ್ಮ ದೊನ್ನೆಯಲ್ಲಿ ಪ್ರಸಾದ ಹಿಡಿದುಕೊಂಡು ನಿಧಾನವಾಗಿ ಜನರನ್ನು ದಾಟಿ ಹೋಗಿ, ಅದನ್ನು ಡಬ್ಬಿಯ ಮುಂದೆ ಇಟ್ಟರು.

"ಪಾಪ, ಅಷ್ಟು ಹೊತ್ತು ಹಾಡ್ದ" ಅಂದರು. "ಮುಗಿಸೋದೊಂದು ಕಲೀಲಿಲ್ಲ. ಬರೋ ಶನಿವಾರ ಬಂದು ನನ್ನ ಪಕ್ಕ ಕೂತ್ಕೊಳ್ಳೋಕೆ ಹೇಳ್ರಪ್ಪಾ, ಕಲಿಸ್ಕೊಡ್ತೀನಿ."

ಈಗ ಪ್ರತಿ ಶನಿವಾರ ಜಮಖಾನ ತುಂಬುತ್ತದೆ ಅಂದರೆ ಸುಳ್ಳಾದೀತು. ಅರ್ಧ ತುಂಬುತ್ತದೆ, ಸ್ವಾಮಿಯ ಕೃಪೆ. ಡಬ್ಬಿಗೂ ಕೆಲಸ ತಪ್ಪಿಲ್ಲ. ಬೆಳಿಗ್ಗೆ ಎಮ್ಮೆ ಕೂಗಿಸುತ್ತದೆ. ನೀವು ಇದನ್ನು ನಾಲ್ಕು ಜನರಿಗೆ ಹೇಳಬೇಕೆಂದು ನನ್ನ ಬೇಡಿಕೆ. ಹೇಳುವಾಗ ಬಾಯಲ್ಲೇ ಹೇಳಿ, ರೆಕಾರ್ಡು ಮಾಡಿ ಕಳಿಸಬೇಡಿ. ನಡುವೆ ಎಲ್ಲಿಯಾದರೂ ಒಂದು ಸಾಲು ಹಿಂದೆ ಬಿದ್ದರೂ ಚಿಂತೆಯಿಲ್ಲ. ಮುಗಿಸುವುದನ್ನು ಮಾತ್ರ ಮರೆಯಬೇಡಿ; ಎಲ್ಲೋ ಯಾರೋ ತಟ್ಟೆ ಹಿಡಿದುಕೊಂಡು ಕಾಯುತ್ತಿರುತ್ತಾರೆ.